ಬನ್ನಿ ಮರದಲ್ಲಿದ್ದ ಡಬ್ಬಿ

ನಂಜನಗೂಡು
12–10–2008, ಭಾನುವಾರ

ಪ್ರೀತಿಯ ನಯನ,

ನಿನ್ನ ಮಾವನ ಆಶೀರ್ವಾದಗಳು. ಕಾಲಿನ ಬೊಬ್ಬೆ ಒಣಗಿತೇ? ಹೊಸ ಬೂಟು ಪಾದಕ್ಕೆ ಒಗ್ಗಬೇಕಾದರೆ ತಿಂಗಳು ಬೇಕು. ನಾನು ಸರ್ವೆ ಇಲಾಖೆಗೆ ಸೇರಿದ ವರ್ಷ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದೆ. ನೀನೂ ಹಾಗೆ ಮಾಡು. ಧಾರವಾಡದಲ್ಲಿ ಇನ್ನೂ ಮಳೆ ಹನಿಯುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಇಲ್ಲಿ ಮಳೆ ನಿಂತು ಎಂಟು ದಿನವಾಯಿತು, ಬಿಸಿಲು ತಿಳಿಯಾಗಿದೆ. ನಿನ್ನ ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಅವಳ ಬಾಯಿಯೂ ಇದ್ದ ಹಾಗೇ ಇದೆ. ನಿನ್ನ ಮಗಳು ಗಾನವಿಗೆ ಎರಡು ವರ್ಷ ನಾಲ್ಕು ತಿಂಗಳು ತುಂಬಿತು. ಅಂಗನವಾಡಿಯ ತಕ್ಕಡಿಯಲ್ಲಿ ಹನ್ನೊಂದೂವರೆ ಕೆ.ಜಿ. ತೂಗಿದಳು. ನೀನು ಮೂರನೇ ತಾರೀಖು ಬರೆದ ಪತ್ರ, ಅದರ ಜೊತೆ ತಿದ್ದಿಕೊಡಲು ಕಳಿಸಿದ ರಾಜೀನಾಮೆಯ ಕರಡು, ಎರಡೂ ತಲುಪಿದವು. ‘ಫೋನಿನಲ್ಲಿ ನಾನು ಕೂಗಿದರೆ ಮಗು ಮುಖ ತಿರುಗಿಸುತ್ತದಂತೆ. ಅದು ನನ್ನನ್ನು ಮರೆತ ಮೇಲೆ ಈ ಫಾರೆಸ್ಟ್ ಕೆಲಸ ಯಾರಿಗೆ ಬೇಕು ಮಾವ’ ಎಂದು ಬರೆದಿದ್ದೀಯೆ. ಅದಕ್ಕೆ ಉತ್ತರ ಕೊಡುವ ಮೊದಲು ನಿನ್ನೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಮೇ ತಿಂಗಳಲ್ಲಿ ನಾಲ್ಕು ದಿನದ ರಜೆಗೆ ಬಂದಾಗ ನೀನು ತಿರುಮಕೂಡಲಿನ ಹೊಳೆದಂಡೆಯಲ್ಲಿ ಒಂದು ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಕ್ಯಾಲೆಂಡರಿನ ಹಿಂದೆ ಬರೆದು ಹೋದೆ. ‘ಪರದೇಶದವರು ಆಡುವ ಆಟ, ನಮ್ಮ ಟ್ರೈನಿಂಗ್ ಮೇಷ್ಟ್ರು ಹೇಳಿದರು, ಹುಡುಕಿದವರು ಡಬ್ಬಿಯಿಂದ ಒಂದು ವಸ್ತು ತೆಗೆದುಕೊಂಡು ಇನ್ನೊಂದು ಇಡಬೇಕು, ಅದರಲ್ಲಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕು’ ಎಂದಿದ್ದೆ. ಗಾನವಿ ಚೆನ್ನಾಗಿ ನಡೆಯುವಂತಾದ ಮೇಲೆ ಕರೆದುಕೊಂಡು ಹೋಗಿ ಎಂದೂ ಹೇಳಿದ್ದೆ. ದಸರಾ ಮುಗಿದ ಮೇಲೆ ನಿನ್ನ ಗಂಡ ಸೋಮಶೇಖರನಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಶನಿವಾರ ರಜೆ ಸಿಕ್ಕಿತು. ನನ್ನ ಹಳೆಯ ಕಚೇರಿಯ ಗಂಗಾಧರಸ್ವಾಮಿ ಜಾಗ ತೋರಿಸುವ ತನ್ನ ಜಿಪಿಎಸ್ ಕೈಯಂತ್ರವನ್ನು ಒಂದು ದಿನದ ಮಟ್ಟಿಗೆ ಕೊಟ್ಟ. ನಿನ್ನ ಅತ್ತೆ ಚಿತ್ರಾನ್ನ ಕಟ್ಟಿಕೊಟ್ಟು, ‘ಮಗೀನ ನೀರ್ ತಾವ ಬಿಟ್ಟೀರ, ಜೋಕೆ’ ಎಂದು ಬಾಗಿಲಲ್ಲೇ ಮೂರು ಸಲ ಹೇಳಿದಳು. ಮೂವರೂ ಟಿ. ನರಸೀಪುರದ ಬಸ್ಸು ಹತ್ತಿದೆವು. ಟಿಕೆಟ್ ಕೊಡಲು ಬಂದ ಕಂಡಕ್ಟರ್‌ನ ಖಾಕಿ ಅಂಗಿ ನೋಡಿ ಗಾನವಿ ‘ಅಮ್ಮ!’ ಎಂದು ಕೈಚಾಚಿದಳು. ಆತನಿಗೆ ಗಿರಿಜಾಮೀಸೆ. ‘ಸರ್ವೀಸ್‌ಗೆ ಸೇರಿ ಇಪ್ಪತ್ ವರ್ಸ ಆಯ್ತು ಕಣಜ್ಜ, ಜನ ಏನೇನೋ ಅಂದವ್ರೆ, ಅಮ್ಮ ಅಂತ ಯಾರೂ ಅಂದಿರ್ನಿಲ್ಲ’ ಎಂದ. ಇಡೀ ಬಸ್ಸು ನಕ್ಕಿತು. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಮೇ ತಿಂಗಳಲ್ಲಿ ನೀನು ಖಾಕಿಯಲ್ಲೇ ಬಸ್ಸಿಳಿದಿದ್ದೆ. ಅಂದಿಗೆ ಇಂದಿಗೆ ಐದು ತಿಂಗಳು.

ಊರಿನಾಚೆ ಇಳಿದು ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದೆವು. ಕಪಿಲೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು, ಕೂಗಳತೆಯಲ್ಲಿ ಕಾವೇರಿ. ಗಾನವಿ ಹತ್ತು ಹೆಜ್ಜೆಗೊಮ್ಮೆ ಕೂತು ಬಸವನಹುಳ ಎತ್ತಿ ನನ್ನ ಜೇಬಿಗೆ ಹಾಕುತ್ತಿದ್ದುದರಿಂದ ಕಾಲು ಗಂಟೆಯ ದಾರಿಗೆ ಒಂದು ಗಂಟೆ ಹಿಡಿಯಿತು. ಯಂತ್ರ ಒಂದು ಹಳೆಯ ಬನ್ನಿ ಮರದ ಬುಡಕ್ಕೆ ತಂದು ನಿಲ್ಲಿಸಿ, ಹನ್ನೆರಡು ಅಡಿಯೊಳಗೆ ಇದೆ ಎಂದಿತು. ನಾನು ಕೂಡಲೇ ಅಲ್ಲಿದ್ದ ಒಂದು ಚಪ್ಪಡಿ ಎಬ್ಬಿಸಿ ಕೆರೆಯತೊಡಗಿದೆ. ಮಣ್ಣಿನಲ್ಲಿ ಹೂತ ಬಾಂದುಕಲ್ಲುಗಳನ್ನು ಮೂವತ್ತನಾಲ್ಕು ವರ್ಷ ಹುಡುಕಿದವನು, ಗುರುತು ಎಂಬುದು ನೆಲದಡಿ ಅಲ್ಲದೆ ಬೇರೆಲ್ಲಿರುತ್ತದೆ? ಸೋಮುವಿಗೆ ಪೂರ್ವಕ್ಕೆ ಆರಡಿ ಅಳೆ, ಉತ್ತರಕ್ಕೆ ಆರಡಿ ಅಳೆ ಎಂದು ಅಪ್ಪಣೆ ಬೇರೆ. ನಾಲ್ಕು ಕಡೆ ಗುಂಡಿಯಾಯಿತು. ಆಡು ಮೇಯಿಸುತ್ತಿದ್ದ ಮಹದೇವಮ್ಮ ಎಂಬ ಮುದುಕಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ‘ಏನ್ ಯಜಮಾನ್ರೇ, ಕೋಳಿ ಕೆರ್ದಂಗೆ ಕೆರೀತಾ ಇದ್ದೀರಿ, ಹೊನ್ನು ಕಳ್ಕಂಡ್ರಾ?’ ಎಂದಳು. ಉತ್ತರ ಕೊಡುವುದಕ್ಕೆ ಮೊದಲೇ ಸೋಮುವಿನ ಹೆಗಲ ಮೇಲಿದ್ದ ಗಾನವಿ ಮರದ ಕವಲಿನ ಕಡೆ ಬೆರಳು ತೋರಿಸಿ, ‘ಅಮ್ಮನ್ ಡಬ್ಬಿ’ ಎಂದಳು.

ತಲೆ ಎತ್ತಿ ನೋಡಿದೆ. ನೀಲಿ ಮುಚ್ಚಳದ ಡಬ್ಬಿ, ನೀನು ಅವಳಿಗೆ ರಾಗಿ ಮಣ್ಣಿ ತಿನ್ನಿಸುತ್ತಿದ್ದದ್ದು. ಮುಚ್ಚಳಕ್ಕೆ ಕುಂಕುಮ ಹಚ್ಚಿತ್ತು, ಮೇಲೆ ಬಾಡಿದ ಚೆಂಡುಹೂ. ಅದನ್ನು ಯಾರೂ ಗಾನವಿಗೆ ತೋರಿಸಿರಲಿಲ್ಲ, ನಾವು ಡಬ್ಬಿ ಹುಡುಕಲು ಹೊರಟಿದ್ದೇವೆ ಎಂದೂ ಹೇಳಿರಲಿಲ್ಲ. ಮಹಜರಿನಲ್ಲಿ ಬರೆಯುವ ಹಾಗೆ ಬರೆಯುತ್ತೇನೆ: ಸದರಿ ಮಾತನ್ನು ಮಗು ತಾನಾಗಿ ಹೇಳಿತು, ಕೇಳಿದವರು ಮೂವರು. ಮಹದೇವಮ್ಮ ಮೊದಲು ಡಬ್ಬಿ ಇಳಿಸಲು ಬಿಡಲಿಲ್ಲ. ‘ಯಾರೋ ಆಯ್ದ ಮಡಗವ್ರೆ ಅಂತ ನಾನೇ ಆಯ್ದಪೂಜೆ ದಿನ ಕುಂಕ್ಮ ಇಟ್ಟಿವ್ನಿ. ಪಾಂಡವ್ರು ಮಡಗಿದ್ ಮರದಲ್ಲಿ ಮಡಗಿದ್ದ ಬ್ಯಾರೇರು ಮುಟ್ಬಾರ್ದು’ ಎಂದಳು. ಮಡಗಿದವಳು ಕಾಡಿನ ಕೆಲಸ ಕಲಿಯಲು ದೂರ ಹೋಗಿದ್ದಾಳೆ, ಅವಳ ಮಗಳೇ ಇವಳು ಎಂದ ಮೇಲೆ ಗಾನವಿಯ ಗಲ್ಲ ಹಿಡಿದು ನೋಡಿ ಒಪ್ಪಿದಳು. ಒಳಗೆ ನಿನ್ನ ಹಳೆಯ ವಿಶಿಲ್, ಗಾನವಿಯ ಮೊದಲ ವರ್ಷದ ಬಳೆ, ಪುಸ್ತಕ, ಪೆನ್ಸಿಲ್ ಎಲ್ಲವೂ ಕ್ಷೇಮ. ಗಾನವಿ ವಿಶಿಲ್ ತೆಗೆದುಕೊಂಡಳು. ಬೆಳಿಗ್ಗೆ ಆರರಿಂದ ಊದುತ್ತಿದ್ದಾಳೆ. ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮನವರು ಎರಡು ಸಲ ಬಂದು ಹೋದರು.

ಈಗ ಫೋನಿನ ವಿಷಯ. ಮಗು ಮುಖ ತಿರುಗಿಸುತ್ತದೆ ಎಂದು ನಿನ್ನ ಅತ್ತೆ ಹೇಳಿದ್ದು ನಿಜ, ಪೂರ್ತಿ ಹೇಳಲಿಲ್ಲ. ನಿನ್ನೆ ಸಂಜೆ ನೀನು ಮಾತಾಡಿದಾಗ ನಾನು ಎದುರಿಗೇ ಕೂತು ಗಮನಿಸಿದೆ. ನಿನ್ನ ದನಿ ಕಿವಿಗೆ ಬಿದ್ದ ಕೂಡಲೇ ಅವಳು ಮುಖ ತಿರುಗಿಸುವುದು ಬೀದಿ ಬಾಗಿಲ ಕಡೆಗೆ. ನೀನು ಬಂದೆ ಎಂದುಕೊಳ್ಳುತ್ತಾಳೆ. ಅಲ್ಲಿ ಯಾರೂ ಕಾಣದಿದ್ದರೆ ಮತ್ತೆ ಫೋನ್ ಬೇಡ ಎನ್ನುತ್ತಾಳೆ. ಇದರಿಂದ ನಿನಗೆ ಸಂಕಟ ಹೆಚ್ಚಬಹುದು ಎಂಬುದು ಗೊತ್ತು. ಆದರೆ ಮರೆತಿದ್ದಾಳೆ ಎಂಬ ಸುಳ್ಳಿಗಿಂತ ಈ ಸಂಕಟ ವಾಸಿ. ತರಬೇತಿ ಇನ್ನು ಎಂಟು ತಿಂಗಳು. ಅಲ್ಲಿಯವರೆಗೆ ಬಾಗಿಲು ತೆರೆದೇ ಇಟ್ಟಿರುತ್ತೇವೆ.

ಅತ್ತೆ ಚಟ್ನಿಪುಡಿ ಕಳಿಸುತ್ತಾಳೆ. ಸೋಮು ಬೇರೆ ಬರೆಯುತ್ತಾನಂತೆ. ಹೆಂಡತಿಗೆ ಬರೆಯುವುದನ್ನು ನನ್ನ ಕೈಲಿ ತಿದ್ದಿಸಲು ನಾಚಿಕೆ. ಹೊಟ್ಟೆತುಂಬ ಉಣ್ಣು. ನಂಜುಂಡೇಶ್ವರ ಕಾಪಾಡಲಿ.

ನಿನ್ನ ಮಾವ,
ದೊಡ್ಡಸಿದ್ದಯ್ಯ

ತಾ.ಕ.: ನಾಳೆ ಬೆಳಿಗ್ಗೆಯೇ ಅಂಚೆಗೆ ಹಾಕಬೇಕು, ಬೇಗ ಬರೆಯುತ್ತೇನೆ. ನಿನ್ನ ರಾಜೀನಾಮೆಯ ಕರಡಿನಲ್ಲಿ ತಿದ್ದುವಂಥ ತಪ್ಪೇನೂ ಇರಲಿಲ್ಲ. ಆದರೆ ಗಾನವಿ ವಿಶಿಲ್ ತೆಗೆದುಕೊಂಡ ಮೇಲೆ ನಿಯಮದ ಪ್ರಕಾರ ಆ ಜಾಗದಲ್ಲಿ ಏನಾದರೂ ಇಡಬೇಕಿತ್ತು. ನನ್ನ ಒಂದು ಜೇಬಿನಲ್ಲಿ ಬಸವನಹುಳ, ಇನ್ನೊಂದರಲ್ಲಿ ಅದೇ ಕಾಗದ. ಅದನ್ನೇ ಮಡಿಸಿ ಡಬ್ಬಿಯಲ್ಲಿಟ್ಟು, ಪುಸ್ತಕದಲ್ಲಿ ನಮೂದಿಸಿ ಬಂದಿದ್ದೇನೆ. ಬೇಕಾದರೆ ನೀನೇ ಬಂದು ತೆಗೆದುಕೋ, ಗುರುತು ನಿನಗೆ ಗೊತ್ತಿದೆ. ಒಂದು ವಿಷಯ ಮಾತ್ರ. ಮಹದೇವಮ್ಮ ಅಲ್ಲೇ ಆಡು ಮೇಯಿಸುತ್ತಿರುತ್ತಾಳೆ. ‘ಮಡಗಿದೋಳೇ ಬರ್ಲಿ, ಆದ್ರೆ ವನವಾಸ ಮುಗಿಸ್ಕಂಡ್ ಬರ್ಲಿ. ಅದ್ಕೂ ಮುಂಚೆ ಬಂದ್ರೆ ನಾನು ಇಳ್ಸಕ್ ಬಿಡಕಿಲ್ಲ’ ಎಂದಿದ್ದಾಳೆ.