ಗಾಜಿನ ಮೇಲಿನ ಕುಂಕುಮ

ಪ್ರೀತಿಯ ಮುನಿರಾಜಣ್ಣ,

ಇವತ್ತು ಬೆಳಗ್ಗೆ ಮೊದಲ ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದವಳು ಹಾಗೇ ನಿಂತುಬಿಟ್ಟೆ. "ಬೆಳಕು ಬಂತಾ?" ಎಂದು ಕೇಳಲು ನೀವಿರಲಿಲ್ಲ. ಲೇಸರ್ ಕೊರೆದ ತೂತುಗಳಲ್ಲಿ ಒಂದು ಕೂದಲು ತೂರಿದರೆ ಹೆಚ್ಚು, ಬೆಳಕಿಗೆ ಹಿಡಿದೇ ನೋಡಬೇಕು ಎಂದು ಕಲಿಸಿದವರು ನೀವು. ಒಂದು ಚುಕ್ಕಿ ಮಂಕಾಗಿದ್ದರೂ "ಇನ್ನೊಂದ್ಸಲ ನೋಡಮ್ಮ ಮಂಜು, ನಿನ್ ಕಣ್ಣಿಗೆ ಆತುರ ಜಾಸ್ತಿ" ಎನ್ನುತ್ತಿದ್ದಿರಿ. ಜೆ.ಪಿ. ನಗರದ ಈ ಶೆಡ್ಡಿನಲ್ಲಿ ಈಗ ನನ್ನನ್ನು ಹಾಗೆ ಗದರಿಸುವವರು ಯಾರಿದ್ದಾರೆ ಹೇಳಿ?

ಐವತ್ತೈದು ದಾಟಿದ ಮೇಲೆ ನೀವು ಡ್ರಿಲ್ ಬಿಟ್ಟು ಲೇಸರ್ ಕಲಿತಿರಿ. ಮುರಿಯಲು ಡ್ರಿಲ್ಲಿನ ಮೊನೆ ಇಲ್ಲ, ಸುರಿಯಲು ಎಣ್ಣೆ ಇಲ್ಲ. "ಇದೇನಮ್ಮ, ಕೈಗೆ ಏನೂ ಗೊತ್ತೇ ಆಗಲ್ಲ" ಎಂದು ವಾರವೆಲ್ಲ ಮುಖ ಊದಿಸಿಕೊಂಡಿದ್ದಿರಿ. ಆಮೇಲೆ ಆ ಮೆಷಿನ್ನನ್ನು ಬೇರೆಯವರು ಮುಟ್ಟಿದರೂ ನಿಮಗೆ ಸಿಟ್ಟು.

ಆ ಆಯುಧಪೂಜೆ... ಬರೆಯಲೇಬೇಕು. ನೀವು ಬೌದ್ಧರು. ಪೂಜೆ ಮುಗಿಯುವವರೆಗೆ ಬಾಗಿಲಲ್ಲೇ ನಿಂತು, ಪುರಿ, ಸಿಹಿ ತೆಗೆದುಕೊಂಡು ಸಿದ್ದಾಪುರದ ಮನೆಗೆ ಹೊರಡುತ್ತಿದ್ದಿರಿ. ಕುಂಕುಮ ಮುಟ್ಟಿದವರೇ ಅಲ್ಲ. ಡ್ರಿಲ್ಲಿಗೆ, ಕಂಪ್ಯೂಟರಿಗೆ, ಎಲ್ಲಕ್ಕೂ ಕುಂಕುಮ ಇಟ್ಟ ನಾನು, ಬೆಳಕು ಹೊರಡುವ ಜಾಗವನ್ನೇ ಬಿಟ್ಟರೆ ಹೇಗೆಂದು ಲೆನ್ಸ್ ಕಾಯುವ ಗಾಜಿಗೂ ಒಂದು ಬೊಟ್ಟು ಇಟ್ಟೆ. ಒರೆಸುವುದು ಮರೆತೆ. ಹಬ್ಬ ಕಳೆದು ಮೆಷಿನ್ ಹಾಕಿದ ಕೂಡಲೇ ಕುಂಕುಮ ಸುಟ್ಟು ಗಾಜು ಸೀಳಿತು, ಒಳಗಿನ ಲೆನ್ಸೂ ಹೋಯಿತು.

"ಯಾರ್ರೀ ಇಟ್ಟಿದ್ದು?" ಎಂದು ಓನರ್ ಕೂಗಿದಾಗ ನಾನು ನಿಮ್ಮ ಬೆನ್ನ ಹಿಂದೆ ಸರಿದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

"ನಾನೇ ಸಾರ್" ಎಂದಿರಿ ನೀವು.

ಮರುದಿನವೇ ನಿಮ್ಮನ್ನು ಪ್ಯಾಕಿಂಗಿಗೆ ಹಾಕಿದರು. ಮತ್ತೆ ಆ ಮೆಷಿನ್ ಮುಟ್ಟಲು ಬಿಡಲಿಲ್ಲ. ರಟ್ಟಿನ ಡಬ್ಬಿಗೆ ಟೇಪ್ ಅಂಟಿಸುತ್ತಾ ಅಲ್ಲಿಂದಲೇ "ಬಂತಾ?" ಎಂದು ಕೇಳುತ್ತಿದ್ದಿರಿ. ಎರಡು ವರ್ಷ, ನೀವು ಕಣ್ಣು ಮುಚ್ಚುವವರೆಗೂ. ನಾನೊಂದು ಮಾತು ಬಾಯಿ ಬಿಟ್ಟಿದ್ದರೆ... ಹೇಡಿ ನಾನು, ಅಣ್ಣ.

ಮೊನ್ನೆ ಓನರ್ ಮುಂದೆ ಹೋಗಿ ನಿಂತೆ. "ಸಾರ್, ಆ ಕುಂಕುಮ ಇಟ್ಟಿದ್ದು ನಾನು. ಅಣ್ಣ ಅಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವ್ರು ಕುಂಕುಮ ಮುಟ್ತಾನೇ ಇರ್ಲಿಲ್ವಲ್ಲಮ್ಮ. ಅವತ್ತು ನಂಗ್ಯಾಕೆ ಹೊಳೀಲಿಲ್ಲ?" ಎಂದರು. ಶೆಡ್ಡಿನಲ್ಲಿ ಅಷ್ಟು ಜನರಿದ್ದೆವು. ಒಬ್ಬರಿಗೂ ಹೊಳೆಯಲಿಲ್ಲವೇ?

ನಿನ್ನೆ ನಿಮ್ಮ ಮನೆಗೂ ಹೋಗಿದ್ದೆ. ಅತ್ತಿಗೆಯ ಮುಂದೆ ಅತ್ತೇಬಿಟ್ಟೆ. ಅವರು ಕಾಫಿ ಲೋಟ ನನ್ನ ಕೈಗಿಟ್ಟು, "ನಂಗೊತ್ತಿತ್ತು ಕಣಮ್ಮ. ಅವಳೇ ಒಂದಿನ ಹೇಳ್ತಾಳೆ, ಅವಸರ ಮಾಡ್ಬೇಡ ಅಂತಿದ್ರು ನಿಮ್ಮಣ್ಣ" ಎಂದರು. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟುಕೊಂಡು ಕಾದಿರಾ?

ಇವತ್ತಿನ ತಗಡನ್ನು ಎರಡು ಸಲ ನೋಡಿದೆ, ಆತುರವಿಲ್ಲದೆ. ಒಂದು ಚುಕ್ಕಿಯೂ ಮಂಕಾಗಿರಲಿಲ್ಲ. ಆಮೇಲೆ ಪ್ಯಾಕಿಂಗ್ ಮೇಜಿನ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲದಿದ್ದರೂ, ಗಟ್ಟಿಯಾಗಿ ಹೇಳಿದೆ.

"ಬಂತು, ಅಣ್ಣ."

ನಿಮ್ಮ
ಮಂಜು