ಅರ್ಧ ಗಂಟೆ ಮುಟ್ಟಬಾರದು

ಭಾನುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ, ನನ್ನ ಮೊಮ್ಮಗಳು ಗುಬ್ಬಿ ಹೇಗಿದ್ದಾಳೆ?

ಏಳು ತಿಂಗಳಲ್ಲಿ ಅವಳಿಗೆಂದು ಕಳಿಸಿದ ಮೂರು ಬಿಸ್ಕತ್ತಿನ ಡಬ್ಬಿಗಳೂ ಅಂಟಿಸಿದ ಟೇಪು ಹಾಗೇ ಇದ್ದು ವಾಪಸ್ ಬಂದವು. ಮೊದಲನೆಯದಕ್ಕೆ ಸಿಟ್ಟು ಬಂತು, ಎರಡನೆಯದಕ್ಕೆ ಅಳು. ಮೂರನೆಯದನ್ನು ಬಿಚ್ಚಿ, ಅಡುಗೆಮನೆ ಸ್ಟೂಲಿನ ಮೇಲೆ ಕೂತು ನಾನೇ ತಿಂದೆ. ಚೆನ್ನಾಗಿತ್ತು. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಮೊನ್ನೆ ಅಳಿಯಂದಿರು ಫೋನ್ ಮಾಡಿದ್ದರು. ಜರಡಿಯಲ್ಲಿ ಒಂಚೂರು ಹಿಟ್ಟು ಉಳಿದುಬಿಟ್ಟಿತ್ತು ಅಷ್ಟೇ ತಾನೇ, ವಯಸ್ಸಾದವರಿಗೆ ಆಗುತ್ತೆ, ಮುಂದಿನ ವಾರ ಮೂವರೂ ಬರ್ತೀವಿ, ಅವಳನ್ನ ಒಪ್ಪಿಸಿದ್ದೀನಿ ಅಂದರು. ಕುಣಿದಾಡುವಷ್ಟು ಖುಷಿಯಾಯಿತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಗುಬ್ಬಿ ಈಗ ನಿನ್ನ ಕೈಯಿಂದ ಕೊಟ್ಟರೂ ಮೂಸಿ ನೋಡಿ ತಿನ್ನುತ್ತಾಳಂತೆ. ಫೋನ್ ಇಟ್ಟವಳಿಗೆ ಊಟ ಸೇರಲಿಲ್ಲ.

ನಾನು ಹೇಳಿದ ಜರಡಿಯ ಕಥೆ ಸುಳ್ಳು ಕಣೇ.

ಅವತ್ತು ನೀನು ಮಗುವನ್ನು ನನ್ನ ಹತ್ತಿರ ಬಿಟ್ಟುಹೋದಾಗ ಬಾದಾಮಿ, ಆಕ್ರೋಟು, ಕೋಕೋ ಪುಡಿ, ಹೊಸ ತಟ್ಟೆ ಎಲ್ಲ ಕೊಟ್ಟು, ಬಿಸ್ಕತ್ತು ಮಾಡುವ ಬಗೆಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಕೆಳಗೆ ಗೆರೆ ಎಳೆದು, ಅವನ್‌ನಿಂದ ತೆಗೆದ ಮೇಲೆ ಅರ್ಧ ಗಂಟೆ ಮುಟ್ಟಬೇಡಮ್ಮಾ, ತಾನಾಗೇ ಗಟ್ಟಿಯಾಗುತ್ತೆ ಎಂದೂ ಬರೆದಿದ್ದೆ. ಮೂವತ್ತೊಂದು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳಿಗೆ ಚೀಟಿ! ನನಗೆ ಮೈಯೆಲ್ಲ ಉರಿಯಿತು. ಬಿಸಿಯಲ್ಲೇ ಎತ್ತಿದೆ, ಎಲ್ಲ ಪುಡಿಪುಡಿಯಾಯಿತು. ಎರಡನೇ ಸಲ ಕಲಸುವಾಗ ನನ್ನ ಡಬ್ಬದಿಂದ ಒಂದು ಚಮಚ ಮೈದಾ ಹಾಕಿದೆ.

ಹಿಡಿದುಕೊಳ್ಳಲಿ ಅಂತ ಹಾಕಿದೆ ಎಂದು ಬರೆದು ಮುಗಿಸಬಹುದಿತ್ತು. ಅದೂ ಪೂರ್ತಿ ನಿಜವಲ್ಲ. ಗೋಧಿ ಸೋಕಿದರೆ ಮಗುವಿನ ಉಸಿರೇ ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಒಂದು ದಿನವೂ ನಂಬಲಿಲ್ಲ. ನಿನ್ನನ್ನು ಸಾಕಿದ್ದೇ ಆ ಹಿಟ್ಟು. ಹಿಟ್ಟನ್ನು ಬೈದರೆ ನನ್ನನ್ನೇ ಬೈದ ಹಾಗೆ ಅನಿಸುತ್ತಿತ್ತು. ಮಗು ತಿಂದು ಆಡಿಕೊಂಡಿರಲಿ, ಸಂಜೆ ನೀನು ಬಂದಾಗ ನೋಡಿದೆಯಾ ಎಂದು ನಗಬೇಕು ಅಂತಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹತ್ತು ನಿಮಿಷಕ್ಕೆ ಅವಳ ತುಟಿ ಊದಿತು. ಆಮೇಲೆ ನೀಲಿಯಾಯಿತು. ಪಕ್ಕದ ಮನೆಯ ಟೈಲರ್ ಕಾರು ತೆಗೆಯದಿದ್ದರೆ ಈ ಪತ್ರ ಬರೆಯಲು ನಾನೂ ಇರುತ್ತಿರಲಿಲ್ಲ.

ಈಗ ಮನೆಯಲ್ಲಿ ಒಂದು ಚಿಟಿಕೆ ಹಿಟ್ಟಿಲ್ಲ. ಜರಡಿ, ಲಟ್ಟಣಿಗೆ ಎಲ್ಲ ಎಸೆದೆ. ನಿನ್ನ ಚೀಟಿಯಂತೆ ಅರ್ಧ ಗಂಟೆ ಗಡಿಯಾರ ನೋಡುತ್ತಾ ಕೂರುತ್ತೇನೆ, ಒಂದು ಬಿಸ್ಕತ್ತೂ ಮುರಿಯುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಸಲ ಡಬ್ಬಿ ಕಳಿಸುತ್ತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಈ ಕೈಯಿಂದ ಮಗುವಿಗೆ ನೀರೂ ಕುಡಿಸುತ್ತಿರಲಿಲ್ಲ.

ಇದನ್ನು ಓದಿದ ಮೇಲೆ ನೀನು ಬರುವುದಿಲ್ಲ. ಬಾ ಎಂದು ಕರೆಯುವುದೂ ಇಲ್ಲ.

ಇಂತಿ, ಇನ್ನು ನೀನು ಹೇಗೆ ಕರೆಯುತ್ತೀಯೋ ಗೊತ್ತಿಲ್ಲದ,
ಅಮ್ಮ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿದದ್ದು: ಗುಬ್ಬಿ ತಿನ್ನುವ ಮುಂಚೆ ನನ್ನನ್ನು ಕೇಳಿದ್ದಳು, ಅಜ್ಜೀ ಇದ್ರಲ್ಲಿ ಹಿಟ್ಟಿಲ್ಲ ತಾನೇ ಅಂತ. ಇಲ್ಲ ಕಂದಾ ಅಂದೆ. ಆಸ್ಪತ್ರೆಯಲ್ಲಿ ನೀನು, ಕೇಳದೆ ಯಾಕೆ ತಿಂದೆ ಎಂದು ಅವಳನ್ನು ಗದರಿದಾಗ ಅವಳು ನನ್ನ ಮುಖ ನೋಡಿ, ಮರೆತೆ ಅಮ್ಮಾ ಎಂದಳು. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಆರು ವರ್ಷದ ಮಗು ನನಗಾಗಿ ಇನ್ನೂ ಸುಳ್ಳು ಹೊತ್ತುಕೊಂಡಿದೆ. ಅವಳು ಕೇಳಿದ್ದಳು, ಅವಳದೇನೂ ತಪ್ಪಿಲ್ಲ ಅಂತ ಇವತ್ತೇ ಹೇಳಿಬಿಡು.