ಮಂಡಕ್ಕಿ ಗಾಡಿಯ ನಡುಕ

ಹರಿಹರದಲ್ಲಿರುವ ಕೀರ್ತನಾ ಅತ್ತಿಗೆಗೆ, ದಾವಣಗೆರೆಯಿಂದ ನಿಮ್ಮ ನಾದಿನಿ ಪೂಜಾ ಬರೆಯುವುದು.

ನಾವೆಲ್ಲ ಕ್ಷೇಮ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದೆ. ಪಂಚಮಿಗೆಂದು ತವರಿಗೆ ಹೋದ ಸೊಸೆಯನ್ನು ದಸರೆ ಹತ್ತಿರ ಬಂದರೂ ಕರೆಯಲು ಹೋಗದವರು ಹಾಗೆ ಬರೆಯುವುದು ಹೇಗೆ? ಫೋನಿನಲ್ಲಿ ಹೇಳಬಹುದಿತ್ತು, ಆದರೆ ಎದುರಿನ ದನಿ ಕೇಳಿದರೆ ನಾನು ಬೇರೇನೋ ಮಾತಾಡಿ ಫೋನ್ ಇಟ್ಟುಬಿಡುತ್ತೇನೆ, ನಿಮಗೆ ಗೊತ್ತು. ನಿಮ್ಮ ಮನೆಗೇ ಬರಬಹುದಿತ್ತು. ನಾನು ಹರಿಹರದ ಶಾಲೆಯೊಂದರಲ್ಲಿ ಪಾಠ ಹೇಳಲು ಸೇರಿದ್ದೇನೆ. ಅಣ್ಣ ಮಂಡಕ್ಕಿ ಚೀಲ ಹಾಕಿಕೊಂಡು ಹೊರಟಾಗ ಅದೇ ಪಿಕಪ್ ಗಾಡಿಯಲ್ಲಿ ಹೋಗಿ ಇಳಿಯುತ್ತೇನೆ. ನಿಮ್ಮ ಬೀದಿಯ ತಿರುವು ಬಂದಾಗ ಅಣ್ಣ ರಸ್ತೆಯನ್ನೇ ನೋಡುತ್ತಾನೆ, ನಾನು ಬ್ಯಾಗಿನೊಳಗೆ ಏನನ್ನೋ ಹುಡುಕುತ್ತೇನೆ. ಒಮ್ಮೆ ನಿಮ್ಮ ತಾಯಿ ತರಕಾರಿ ಚೀಲ ಹಿಡಿದು ಎದುರಿಗೇ ಬಂದರು. ನಾನು ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಂಡೆ. ಬಾರು ಸರಿಯಾಗಿಯೇ ಇತ್ತು.

ಈಗ ಗಾಡಿಯ ವಿಷಯ ಬರೆಯುತ್ತೇನೆ. ಅದನ್ನು ಬರೆದರೆ ಉಳಿದದ್ದೆಲ್ಲ ಬರೆದಂತೆ.

ಮದುವೆಯಾದ ವಾರವೇ ನಿಮ್ಮ ತವರಿನ ಸಾಮಾನು ತರಲು ಅಣ್ಣನ ಜೊತೆ ನಾನೂ ಬಂದಿದ್ದೆ. ಬರುವಾಗ ಗಾಡಿ ತುಂಬ ಅಕ್ಕಿ ಮೂಟೆಗಳಿದ್ದವು, ಹರಿಹರದ ಪೇಟೆಯಲ್ಲಿ ಇಳಿಸಿದೆವು. ನಿಮ್ಮ ಅಪ್ಪ ಹೊಲಿಗೆ ಯಂತ್ರವನ್ನು ತಾವೇ ಎತ್ತಿ ಗಾಡಿಯಲ್ಲಿಟ್ಟು, ಅದರ ಕಾಲಿಗೆ ಗೋಣಿಚೀಲ ಸುತ್ತಿದರು. ಆಮೇಲೆ ಟ್ರಂಕು, ಪಾತ್ರೆ, ಹಾಸಿಗೆ. ಎಲ್ಲ ಸೇರಿ ಗಾಡಿಯ ಒಂದು ಮೂಲೆ ತುಂಬಲಿಲ್ಲ. ‘ನಿಧಾನಕ್ಕೆ ಹೋಗ್ರಿ ಬಕ್ಕೇಶ್, ಮಷೀನು ಅಲುಗಾಡಿದ್ರೆ ಸೂಜಿ ಲೈನು ತಪ್ತೈತೆ’ ಎಂದರು. ಊರು ದಾಟಿ ದೊಡ್ಡ ರಸ್ತೆಗೆ ಬಿದ್ದು ಅಣ್ಣ ವೇಗ ಹೆಚ್ಚಿಸಿದಾಗ ಮೊದಲ ಸಲ ಅದು ಬಂತು. ಸ್ಟೇರಿಂಗ್ ನೆಟ್ಟಗಿತ್ತು, ನಡುಕ ಬರುತ್ತಿದ್ದುದು ಕೆಳಗಿನಿಂದ. ಸೀಟಿನಡಿ ಯಾರೋ ಹಲ್ಲು ಕಡಿಯುತ್ತಿದ್ದಂತೆ. ಪಕ್ಕದ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಂಡಿತು. ವೇಗ ಇಳಿಸಿದರೆ ನಿಲ್ಲುತ್ತಿತ್ತು, ಹೆಚ್ಚಿಸಿದರೆ ಮತ್ತೆ ಶುರು.

ಮುಂದಿನದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ನೀವು ಒಳಗೆ ಹಿಟ್ಟು ಕಲಸುತ್ತಿದ್ದಾಗ ಅಂಗಳದಲ್ಲಿ ಅವ್ವ ದನಿ ತಗ್ಗಿಸದೇ ಆಡುತ್ತಿದ್ದ ಮಾತು ಅಡುಗೆಮನೆಗೆ ಕೇಳದೇ ಇರಲು ನಮ್ಮದೇನು ಬಂಗಲೆಯೇ? ‘ಇಷ್ಟು ವರ್ಷ ಕುಂಯ್ಯಿ ಅನ್ನದ ಗಾಡಿ. ಆಕಿ ಕಾಲಿಟ್ಟ ವಾರಕ್ಕೇ ಹಿಡಕೊಂತು ನೋಡು ಜ್ವರ. ಕಾಲ್ಗುಣ ಅಂತಾರಲ್ಲ, ಸುಮ್ನೆ ಅನ್ನಲ್ಲ.’ ನೀವು ಹಿಟ್ಟು ಕಲಸುತ್ತಲೇ ಇದ್ದಿರಿ. ಕಲಸಿ ಮುಗಿದ ಮೇಲೂ ಕಲಸುತ್ತಿದ್ದಿರಿ. ನಾನು ಹೊಸ್ತಿಲ ಬಳಿ ಪುಸ್ತಕ ಹಿಡಿದು ಕೂತು ಅದನ್ನು ನೋಡಿದೆ.

ಗಾಡಿಗೆ ಮಾಡದ ಉಪಚಾರವಿಲ್ಲ. ಗ್ಯಾರೇಜಿನ ಮಕ್ತುಮ್ ಸಾಬರು ಮೊದಲು ಚಕ್ರ ಬ್ಯಾಲೆನ್ಸ್ ಮಾಡಿಸಿದರು, ಆಮೇಲೆ ಹಿಂದಿನ ಟೈರು ಮುಂದಕ್ಕೆ ಹಾಕಿದರು. ಎಂಜಿನ್ ಕೂರುವ ರಬ್ಬರು ಬದಲಾಯಿತು. ಎಂಜಿನ್ನಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಉದ್ದಕ್ಕೆ ಹೋಗುವ ಶಾಫ್ಟು ಇದೆಯಲ್ಲ, ಅದರ ಕೀಲಿನ ಕ್ರಾಸೂ ಹೊಸದಾಯಿತು. ಪ್ರತಿ ಸಲ ‘ಇನ್ನು ನೋಡ್ರಿ, ಹಾಲು ಕುಡಿದ ಕೂಸಿನಂಗೆ ಹೋಗ್ತೈತೆ’ ಎನ್ನುತ್ತಿದ್ದರು. ಹರಿಹರ ತಲುಪುವಷ್ಟರಲ್ಲಿ ಕೂಸು ಎದ್ದಿರುತ್ತಿತ್ತು. ಅವ್ವ ಬಂಪರಿಗೆ ನಿಂಬೆಹಣ್ಣು ಕಟ್ಟಿದಳು. ಪ್ರತಿ ಅಮಾವಾಸ್ಯೆಗೆ ಬದಲಾಯಿಸಿದಳು. ಬದಲಾಯಿಸುವಾಗ ನಿಮ್ಮ ಕಡೆ ನೋಡುತ್ತಿದ್ದಳು.

ನೀವು ಹೋದ ಮೇಲೆ ಒಂದು ದಿನ ಶಾಲೆ ಮುಗಿಸಿ ಅಣ್ಣನ ಜೊತೆ ಸಾರಥಿ ಹಳ್ಳಿಗೆ ಹೋದೆ. ನಮ್ಮ ಮಂಡಕ್ಕಿ ಹುರಿಯುವ ಭಟ್ಟಿಗೆ ಬೇಕಾದ ಭತ್ತವನ್ನು ಅಲ್ಲಿಂದ ತುಂಬಿಕೊಂಡು ಬರಬೇಕಿತ್ತು. ಬರುವಾಗ ಗಾಡಿ ನಡುಗಲಿಲ್ಲ. ಅಣ್ಣ ಎಷ್ಟು ಒತ್ತಿದರೂ ಸದ್ದಿಲ್ಲ, ಕನ್ನಡಿಯಲ್ಲಿ ಹಿಂದಿನ ಬಸ್ಸು ಒಂದೇ ಆಗಿ ಕಂಡಿತು. ಮರುದಿನ ಮಂಡಕ್ಕಿ ಚೀಲಗಳನ್ನು ಗೋಪುರದಂತೆ ಏರಿಸಿಕೊಂಡು ಹೊರಟೆವು, ಅದೇ ರಸ್ತೆ, ಅದೇ ವೇಗ, ಮತ್ತೆ ನಡುಕ. ಮಂಡಕ್ಕಿ ಕಣ್ಣಿಗೆ ಬೆಟ್ಟ, ತೂಕಕ್ಕೆ ಗಾಳಿ. ಗಾಡಿ ಹಗುರವಾಗಿದ್ದಾಗ ಮಾತ್ರ ಹೀಗಾಗುತ್ತದೆಂದು ಹೊಳೆದದ್ದು ಆಗ. ಅಣ್ಣನಿಗೆ ಹೇಳಿದರೆ ‘ಹೂಂ’ ಎಂದು ಗೇರ್ ಬದಲಾಯಿಸಿದ. ಮಕ್ತುಮ್ ಸಾಬರಿಗೆ ನಾನೇ ಹೇಳಿದೆ, ಅವರ ಮುಖ ನೋಡದೆ, ಗೋಡೆಗೆ ತೂಗುಹಾಕಿದ್ದ ಟ್ಯೂಬುಗಳನ್ನು ನೋಡುತ್ತ. ‘ನೀನು ಎಂ.ಎ. ಮಾಡಿದ್ದು ಕನ್ನಡದಾಗೋ ಗ್ಯಾರೇಜಿನಾಗೋ?’ ಎಂದು ನಕ್ಕು ಗಾಡಿಯಡಿ ಹೋದರು.

ಹೋದವರು ಕೆಳಗಿನಿಂದಲೇ ಕೂಗಿದರು. ‘ಬಕ್ಕೇಶ್, ಹಿಂದೆ ಸ್ಪ್ರಿಂಗ್‌ಗೆ ಹೆಚ್ಚಿಗೆ ಪ್ಲೇಟು ಯಾರು ಹಾಕಿದ್ದಪ್ಪ? ಮಂಡಕ್ಕಿ ಗಾಡಿಗೆ ಇದ್ಯಾಕ? ಕಲ್ಲು ಹೊರ್ತೀಯೇನು?’

ಹೆಚ್ಚಿನ ಪ್ಲೇಟು ಹಾಕಿದರೆ ಗಾಡಿಯ ಹಿಂಭಾಗ ಎತ್ತರಕ್ಕೆ ನಿಲ್ಲುತ್ತದಂತೆ. ಆಗ ಶಾಫ್ಟು ಓರೆಯಾಗಿ ತಿರುಗಿ, ವೇಗ ಹಿಡಿದಾಗ ಗಾಡಿಯನ್ನೆಲ್ಲ ನಡುಗಿಸುತ್ತದೆ. ಭಾರ ಬಿದ್ದರೆ ಹಿಂಭಾಗ ಕೆಳಗಿಳಿದು ಎಲ್ಲ ಸರಿ. ಇಷ್ಟನ್ನು ಸಾಬರು ಬೆರಳು ಬಗ್ಗಿಸಿ ತೋರಿಸಿದರು. ಅಣ್ಣ ಹಣ ಕೊಡಲು ಜೇಬಿಗೆ ಕೈ ಹಾಕಿದ. ಅವರು ಬಿಡುವವರಲ್ಲ. ‘ಯಾವಾಗ ಹಾಕಿಸಿದ್ದು ಹೇಳು ಮಾರಾಯ. ನಾನು ಸುಮ್ಮನೆ ಊರೆಲ್ಲ ಹುಡುಕಿದೆ.’ ಆಗ ಅಣ್ಣ ನೆಲ ನೋಡುತ್ತ ಹೇಳಿದ. ‘ಬೀಗರ ಮನಿಗೆ ಹೋಗೋ ಹಿಂದಿನ ದಿನ. ಸಾಮಾನು ಭಾಳ ಬರ್ತೈತೆ, ಗಾಡಿ ಕೂತ್ಕೊಂಡ್ರೆ ಬೀಗರ ಮುಂದೆ ಚೆಂದಾಗಿರಲ್ಲ, ಹೋಗಿ ಪ್ಲೇಟ್ ಹಾಕಿಸ್ಕೊಂಡ್ ಬಾ ಅಂದ್ರು ಮನ್ಯಾಗೆ.’

ಅತ್ತಿಗೆ, ಆ ಗ್ಯಾರೇಜಿನಲ್ಲಿ ಪಂಕ್ಚರ್ ಹಾಕಿಸಲು ಬಂದ ಇಬ್ಬರಿದ್ದರು. ಅವರು ತಮ್ಮ ಟೈರಿನ ಕಡೆ ತಿರುಗಿಕೊಂಡರು. ಮಕ್ತುಮ್ ಸಾಬರೂ ತಮಾಷೆ ನಿಲ್ಲಿಸಿ ಪಾನಾ ಹುಡುಕತೊಡಗಿದರು. ಯಾರಾದರೂ ನಕ್ಕಿದ್ದರೆ ನಾನು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ನಿಮ್ಮ ಮನೆಯಿಂದ ಬೀರು, ದಿವಾನ, ಫ್ರಿಜ್ಜು ಬರುತ್ತದೆಂದು ನಾವು ಗಾಡಿಯ ಬೆನ್ನು ಗಟ್ಟಿ ಮಾಡಿಸಿಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದೆವು. ನಿಮ್ಮ ಅಪ್ಪ ಹೊಲಿಗೆ ಯಂತ್ರದ ಕಾಲಿಗೆ ಗೋಣಿ ಸುತ್ತುತ್ತಿದ್ದಾಗ ಗಾಡಿ ಬೆನ್ನೆತ್ತಿ ಕಾಯುತ್ತಿತ್ತು. ನಮ್ಮ ಆಸೆಗೆ ಗಾಡಿ ನಡುಗಿತು, ಕೆಟ್ಟ ಹೆಸರು ನಿಮ್ಮ ಕಾಲಿಗೆ ಬಂತು. ಇಂಥದ್ದು ಬೇಕೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳಿರಲಿಲ್ಲ. ಅಪ್ಪ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ನಾನೂ ಗೆಳತಿಯರ ಮುಂದೆ ಹೇಳಿಕೊಂಡಿದ್ದೆ.

ಪ್ಲೇಟು ಬಿಚ್ಚಿಸಿಕೊಂಡು ಬರುವಾಗ ಅಣ್ಣ ಅಂದ, ‘ಅವ್ವಗೆ ಹೇಳಬ್ಯಾಡ. ಬೇರಿಂಗ್ ಹೋಗಿತ್ತು ಅನ್ನು, ಸಾಕು.’ ಅಣ್ಣ ಕೆಟ್ಟವನಲ್ಲ. ನೀವಿಲ್ಲದ ಕೋಣೆಯಲ್ಲಿ ಅವನು ನಿದ್ದೆ ಮಾಡುವುದಿಲ್ಲ, ಅಂಗಳದಲ್ಲಿ ಚಾಪೆ ಹಾಸಿಕೊಳ್ಳುತ್ತಾನೆ. ಆದರೆ ಅವನಿಗೆ ಅವ್ವನ ಮುಂದೆ ಬೆನ್ನು ನೆಟ್ಟಗಾಗುವುದಿಲ್ಲ. ನನಗೂ ಆಗುವುದಿಲ್ಲ. ಸುಮ್ಮನಿದ್ದುಬಿಡುತ್ತಿದ್ದೆನೇನೋ. ಆದರೆ ಗಾಡಿ ಸರಿಯಾದ ಸುದ್ದಿ ಕೇಳಿ ಅವ್ವ, ಭಟ್ಟಿಯಲ್ಲಿ ಮಂಡಕ್ಕಿ ಸಾಣಿಸುತ್ತಿದ್ದ ಹೆಂಗಸರ ನಡುವೆ ನಿಂತು, ‘ಆಕಿ ಹೋಗಿದ್ದೇ ಹೋಗಿದ್ದು, ಗಾಡಿನೂ ತಣ್ಣಗಾತು ನೋಡ್ರಿ. ನಾನು ಹೇಳಿರ್ಲಿಲ್ಲೇನು?’ ಎಂದಳು.

ಆಗ ಗೊತ್ತಾಯಿತು, ಬೇರಿಂಗಿನ ಸುಳ್ಳು ಉಳಿದರೆ ನೀವು ಇನ್ನು ಈ ಮನೆಗೆ ತಿರುಗಿ ಬರುವಂತಿಲ್ಲ ಎಂದು. ಬಂದರೂ, ನಾಳೆ ಟೈರು ಪಂಕ್ಚರ್ ಆದರೆ ಅದೂ ನಿಮ್ಮದೇ. ‘ಅವ್ವ, ನಡುಗಿದ್ದು ನಾವು ಹಾಕಿಸಿದ ಪ್ಲೇಟಿನಿಂದ’ ಎಂದೆ. ದನಿ ನನ್ನದೆನಿಸಲಿಲ್ಲ. ‘ಅತ್ತಿಗೆ ಮನೆಯಿಂದ ಭಾರ ಬರ್ತೈತೆ ಅಂತ ಹಾಕಿಸಿದ್ರಲ್ಲ, ಅದು. ಬರಲಿಲ್ಲ, ಅದಕ್ಕೇ ನಡುಗ್ತಿತ್ತು.’ ಸಾಣಿಸುವ ಜರಡಿಗಳು ನಿಂತವು. ‘ಓದಿದ್ದು ಜಾಸ್ತಿಯಾತು ನಿನಗೆ’ ಎಂದು ಅವ್ವ ಒಳಗೆ ಹೋದಳು. ಅಪ್ಪ ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಸಂಜೆ ರೊಟ್ಟಿ ಬಡಿಯುತ್ತ ಅವ್ವ ನನ್ನ ಕಡೆ ತಿರುಗದೇ ಅಂದಳು: ‘ಭಾನುವಾರ ಬಕ್ಕೇಶಿ ಹೋಗಿ ಕರಕೊಂಡು ಬರ್ಲಿ. ಆದ್ರೆ ಪ್ಲೇಟಿನ ಮಾತು ಆಕಿ ಕಿವಿಗೆ ಬೀಳಬಾರ್ದು. ಬಿದ್ರೆ ನಾನು ಆಕಿ ಮುಂದೆ ಹೆಂಗೆ ಓಡಾಡ್ಲಿ?’ ಹೆಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು, ಅವಳಿಗೆ ಅದರ ಕಡೆ ಗಮನವಿರಲಿಲ್ಲ. ಅವಳ ಬಾಯಿಂದ ಅಂಥ ಮಾತು ನಾನು ಹಿಂದೆ ಕೇಳಿಲ್ಲ. ಕೇಳಿ ನನ್ನ ಮನಸ್ಸು ಕರಗಿತು. ಕರಗಿದರೂ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ಎಲ್ಲರೆದುರು ಹೊರಿಸಿದ್ದನ್ನು ನಿಮಗೆ ಕಾಣದಂತೆ ಇಳಿಸಿದರೆ ಅದು ಇಳಿಸಿದಂತಲ್ಲ.

ಭಾನುವಾರ ಅಣ್ಣ ಬರುತ್ತಾನೆ. ಗಾಡಿ ಬಾಗಿಲಲ್ಲಿ ನಿಲ್ಲಿಸಿ ನಿಮ್ಮ ಅಪ್ಪನ ಎದುರು ಕೂರುತ್ತಾನೆ. ಗಾಡಿಗೆ ಏನಾಗಿತ್ತೆಂದು ಕೇಳಿ. ನಿಮ್ಮ ಅಪ್ಪ ಅಮ್ಮನಿಗೂ ಕೇಳುವಂತೆ ಕೇಳಿ. ನಾನು ಬರೆದಿದ್ದೇನೆಂದು ತೋರಗೊಡಬೇಡಿ. ಹೇಳಲು ಅವನಿಗೆ ಹೊತ್ತು ಹಿಡಿಯುತ್ತದೆ, ನೀರು ಕೇಳಬಹುದು, ಕೊಡಿ, ಕಾಯಿರಿ. ಪ್ಲೇಟಿನ ಮಾತು ಅವನ ಬಾಯಿಂದಲೇ ಬಂದರೆ, ನಿಮಗೆ ಮನಸ್ಸಿದ್ದರೆ, ಬನ್ನಿ.

ಬೇರಿಂಗ್ ಹೋಗಿತ್ತು ಎಂದರೆ, ಅತ್ತಿಗೆ, ಗಾಡಿ ಹತ್ತಬೇಡಿ.

ನಿಮ್ಮ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಅವರು ಸ್ವೀಕರಿಸಿದರೆ. ವಯಸ್ಸಿನಲ್ಲಿ ಚಿಕ್ಕವಳು, ಹರಸುವ ಹಕ್ಕು ನನಗಿಲ್ಲ. ಆದರೂ ನೀವು ಎಲ್ಲಿ ಕಾಲಿಟ್ಟರೂ ಆ ಜಾಗ ನಿಮಗೆ ಒಳ್ಳೆಯದನ್ನು ಮಾಡಲಿ.

ತಲೆ ತಗ್ಗಿಸಿಕೊಂಡು,
ನಿಮ್ಮ ಪೂಜಾ